ಸಂತೇಮರಹಳ್ಳಿಯ ಆ ಒಂದು ಮತ

ಹಳೆಯ ಚುನಾವಣಾ ಫಲಿತಾಂಶದ ಪಟ್ಟಿ ಕೈಗೆ ಸಿಕ್ಕರೆ ನನ್ನ ಕಣ್ಣು ಮೊದಲು ಹುಡುಕುವುದು ಈಗ ಇಲ್ಲದ ಕ್ಷೇತ್ರಗಳನ್ನು. ಸಾತನೂರು, ಬನ್ನೂರು, ಕಿರುಗಾವಲು, ಬಿನ್ನಿಪೇಟೆ, ಹೊಸನಗರ. ಈ ಪೈಕಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವುದು ಸಂತೇಮರಹಳ್ಳಿ.

ಚಾಮರಾಜನಗರದಿಂದ ಯಳಂದೂರಿಗೆ ಹೋಗುವ ದಾರಿಯಲ್ಲಿ ಸಿಗುವ ಈ ಹೋಬಳಿ ಕೇಂದ್ರದ ಹೆಸರಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರವೊಂದಿತ್ತು. 2004ರಲ್ಲಿ ಇಲ್ಲಿ ಎದುರಾದವರು ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಮತ್ತು ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ. ಕೃಷ್ಣಮೂರ್ತಿಯವರು ರಾಜ್ಯಪಾಲರಾಗಿದ್ದ ಬಿ. ರಾಚಯ್ಯನವರ ಮಗ. ಎಣಿಕೆ ಮುಗಿದಾಗ ಧ್ರುವನಾರಾಯಣರಿಗೆ 40,752, ಕೃಷ್ಣಮೂರ್ತಿಯವರಿಗೆ 40,751.

ಕೃಷ್ಣಮೂರ್ತಿಯವರ ಕಾರಿನ ಚಾಲಕರಿಗೆ ಅಂದು ಮತ ಹಾಕಲು ಬಿಡುವೇ ಸಿಗಲಿಲ್ಲ ಎಂಬ ಮಾತು ಆ ಸೀಮೆಯಲ್ಲಿ ಇಂದಿಗೂ ಓಡಾಡುತ್ತಿದೆ. ಆ ಮತ ಬಿದ್ದಿದ್ದರೆ ಅವರು ಗೆಲ್ಲುತ್ತಿದ್ದರು ಎಂದು ಹಲವರು ಹೇಳುತ್ತಾರೆ. ಲೆಕ್ಕ ಹಾಗಿಲ್ಲ. ಆ ಮತ ಬಿದ್ದಿದ್ದರೆ ಇಬ್ಬರೂ ಸಮ ಆಗುತ್ತಿದ್ದರು. ಆಗ 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಚುನಾವಣಾಧಿಕಾರಿ ಚೀಟಿ ಎತ್ತಿ ತೀರ್ಮಾನಿಸಬೇಕಿತ್ತು. ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಹೇಳಿದ್ದನ್ನು ಒಂದು ಚೀಟಿಗೆ ಒಪ್ಪಿಸದೆ ಉಳಿಸಿದ್ದು ಅಂತರದ ಆ ಒಂದೇ ಒಂದು ಮತ.

2001ರ ಜನಗಣತಿಯ ಆಧಾರದ ಮೇಲೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ ಕ್ಷೇತ್ರಗಳ ಗಡಿಗಳನ್ನು ಹೊಸದಾಗಿ ಎಳೆಯಿತು. ರಾಜ್ಯದ ಸ್ಥಾನಗಳು 224ರಲ್ಲೇ ಉಳಿದವು, ಆದರೆ 2008ರ ಚುನಾವಣೆಯ ಹೊತ್ತಿಗೆ ಸಂತೇಮರಹಳ್ಳಿಯ ಹೆಸರು ಪಟ್ಟಿಯಲ್ಲಿರಲಿಲ್ಲ. ಯಳಂದೂರಿನ ಜೊತೆಗೆ ಅದೂ ಕೊಳ್ಳೇಗಾಲಕ್ಕೆ ಸೇರಿತು. ಧ್ರುವನಾರಾಯಣರು ಅದೇ ವರ್ಷ ಕೊಳ್ಳೇಗಾಲದಿಂದ ಶಾಸಕರಾದರು, 2009ರಲ್ಲಿ ಸಂಸದರಾದರು. 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಎರಡೇ ತಿಂಗಳಲ್ಲಿ ಅದೇ ಕೊಳ್ಳೇಗಾಲದಲ್ಲಿ, ಅದೇ ಕಾಂಗ್ರೆಸ್ಸಿನಿಂದ ಕೃಷ್ಣಮೂರ್ತಿಯವರು ಗೆದ್ದರು. ಈ ಸಲ ಅಂತರ ಐವತ್ತು ಸಾವಿರ ದಾಟಿತ್ತು.

ಕ್ಷೇತ್ರ ಅಳಿಸಿಹೋಗಿದೆ, ಅದು ಕಲಿಸಿದ ಪಾಠ ಅಳಿಸಬಾರದು. ಮತದಾನದ ದಿನ ದುಡಿಯುವವರಿಗೆ ಸಂಬಳಸಹಿತ ರಜೆ ಕೊಡಬೇಕೆಂದು ಕಾನೂನೇ ಹೇಳುತ್ತದೆ. ನಿಮ್ಮ ಕಾರು ಓಡಿಸುವವರು, ಮನೆಗೆಲಸದವರು, ತೋಟದ ಆಳುಗಳು ಯಾರೇ ಇರಲಿ, ಅಂದು ಅವರನ್ನು ಮೊದಲು ಮತಗಟ್ಟೆಗೆ ಕಳಿಸಿ. ನಿಮ್ಮ ಕೆಲಸ ಮರುದಿನಕ್ಕಿರಲಿ.