ನಾಯಕಸ್ತುತಿಯೂ ವ್ಯಕ್ತಿಲೋಪವೂ

ಪ್ರಶಸ್ತಿಕಾವ್ಯಗಳ ವಿಷಯದಲ್ಲಿ ನಮ್ಮ ವಿಮರ್ಶಕರೊಳಗೆ ಎರಡು ಮತಗಳು ರೂಢಿಯಾಗಿವೆ. ಆಶ್ರಯದಾತನನ್ನು ಹೊಗಳುವುದು ಕವಿಯ ಹೊಟ್ಟೆಯ ಪಾಡು, ಅದನ್ನು ಮನ್ನಿಸಿ ಮುಂದೆ ನಡೆಯತಕ್ಕದ್ದು ಎಂಬುದು ಒಂದು ಮತ. ಹೊಗಳಿಕೆಯು ಅತಿಶಯೋಕ್ತಿಗೆ ಸೇರಿದುದಾದ್ದರಿಂದ ಅದರಲ್ಲಿ ಸತ್ಯಾಸತ್ಯಗಳನ್ನು ಅರಸುವುದು ಅರಸಿಕತನವೆಂಬುದು ಮತ್ತೊಂದು. ಇವೆರಡೂ ಕವಿಯ ಪಕ್ಷದಿಂದಲೋ ಕಾವ್ಯದ ಪಕ್ಷದಿಂದಲೋ ಮಾತನಾಡುತ್ತವೆಯೇ ಹೊರತು, ಹೊಗಳಿಸಿಕೊಂಡ ಮನುಷ್ಯನಿಗೆ ಅದರಿಂದ ಏನಾಯಿತೆಂದು ಕೇಳುವುದಿಲ್ಲ. ಆತನ ಗುಣವಿಶೇಷಗಳು ಆ ಪದ್ಯಗಳಲ್ಲಿ ಉಳಿದುವೆ, ಅಳಿದುವೆ? ಪ್ರಕೃತ ಲೇಖನವು ಈ ಪ್ರಶ್ನೆಯನ್ನು ಮಾತ್ರ ಹಿಡಿದು ಹೊರಟಿದೆ.

ಪ್ರಶ್ನೆಯು ನನಗೆ ಗ್ರಂಥದಿಂದ ಹುಟ್ಟಿದುದಲ್ಲ, ಬೀದಿಯಿಂದ ಹುಟ್ಟಿದುದು. ನಾನು ವಾಸವಾಗಿರುವ ಕುಂದಲಹಳ್ಳಿಯು ಬೆಂಗಳೂರಿನ ಪೂರ್ವದ ಅಂಚಿನಲ್ಲಿದ್ದ ಹಳ್ಳಿ. ಈಗ ಗಣಕೋದ್ಯಮದ ಕಟ್ಟಡಗಳ ನಡುವೆ ತನ್ನ ಕೆರೆಯನ್ನೂ ಹೆಸರನ್ನೂ ಉಳಿಸಿಕೊಂಡಿದೆ. ೨೦೨೩ನೆಯ ಮಾರ್ಚಿಯಲ್ಲಿ ಮೆಟ್ರೋ ರೈಲು ಇಲ್ಲಿಗೆ ಬಂದ ಮೇಲೆ ನಾನು ದಿನವೂ ನಿಲ್ದಾಣಕ್ಕೆ ನಡೆದು ಹೋಗುತ್ತೇನೆ. ದಾರಿಯುದ್ದಕ್ಕೂ ನಾಯಕರ ಹುಟ್ಟುಹಬ್ಬದ ಫ್ಲೆಕ್ಸುಗಳು. ನಡುವೆ ಆಳೆತ್ತರದ ಮುಖ, ಮೇಲಂಚಿನಲ್ಲಿ ಪಕ್ಷದ ಹಿರಿಯರ ಚಿಕ್ಕ ಮುಖಗಳು, ಕೆಳಗೆ ‘ಶುಭ ಕೋರುವವರ’ ಸಾಲು. ಪ್ರಶಸ್ತಿಶಾಸನಗಳನ್ನು ಓದಿದವರಿಗೆ ಈ ವಿನ್ಯಾಸವು ಹೊಸದಲ್ಲ: ವಂಶಸ್ತುತಿ, ನಾಯಕಸ್ತುತಿ, ಕೊನೆಯಲ್ಲಿ ಬರೆಸಿದವರ ಹೆಸರು. ಬಿರುದುಗಳೂ ಇವೆ: ಬಡವರ ಬಂಧು, ಯುವಕರ ಕಣ್ಮಣಿ, ಅಭಿವೃದ್ಧಿಯ ಹರಿಕಾರ. ಒಂದು ತಿಂಗಳೊಳಗಾಗಿ ಪರಸ್ಪರ ವಿರೋಧಿಗಳಾದ ಇಬ್ಬರು ನಾಯಕರಿಗೆ ಈ ಮೂರು ಬಿರುದುಗಳೂ ಇದೇ ಕ್ರಮದಲ್ಲಿ, ಒಂದೇ ಕಂಬದ ಮೇಲೆ ಲಭಿಸಿದುದನ್ನು ಕಂಡೆನು. ೨೦೧೮ರಲ್ಲಿ ಉಚ್ಚ ನ್ಯಾಯಾಲಯದ ಆಜ್ಞೆಯಂತೆ ಆಗಿನ ಮಹಾನಗರಪಾಲಿಕೆಯವರು ಊರಿನ ಫಲಕಗಳನ್ನೆಲ್ಲ ಕಿತ್ತುಹಾಕಿಸಿದ್ದರು. ಕಂಬಗಳು ಮತ್ತೆ ತುಂಬಿದುವು. ನಾನು ಅದನ್ನು ಕಾನೂನಿನ ದೃಷ್ಟಿಯಿಂದ ನೋಡುತ್ತಿಲ್ಲ. ಆ ಮೂರು ಬಿರುದುಗಳನ್ನು ಓದಿದೊಡನೆ ನನಗೆ ಬಾಲ್ಯದ ಅಲಂಕಾರಪಾಠವು ನೆನಪಾಯಿತು.

ದಕ್ಷಿಣದೇಶದ ಪಾಠಶಾಲೆಗಳಲ್ಲಿ ಅಲಂಕಾರಶಾಸ್ತ್ರಕ್ಕೆ ಪ್ರವೇಶವನ್ನು ಕೊಡುವ ಗ್ರಂಥ ವಿದ್ಯಾನಾಥನ ‘ಪ್ರತಾಪರುದ್ರೀಯ’ವೆಂಬುದು ವಾಚಕರಿಗೆ ತಿಳಿದೇ ಇದೆ. ಓರುಗಲ್ಲಿನ ಕಾಕತೀಯ ಪ್ರತಾಪರುದ್ರನ ಆಸ್ಥಾನದಲ್ಲಿ ಹುಟ್ಟಿದ ಈ ಗ್ರಂಥದಲ್ಲಿ ಲಕ್ಷಣಗಳು ಹಿಂದಿನವರವು, ಲಕ್ಷ್ಯಗಳು ವಿದ್ಯಾನಾಥನವು; ಆ ಲಕ್ಷ್ಯಗಳು ಬಹುಮಟ್ಟಿಗೆ ಒಬ್ಬನೇ ಅರಸನ ಸ್ತುತಿಗಳು. ನಾಟಕಲಕ್ಷಣವನ್ನು ತೋರಿಸಲು ಒಂದು ಇಡೀ ನಾಟಕವನ್ನೇ ರಾಜನ ಮೇಲೆ ಕಟ್ಟಿ ಗ್ರಂಥದೊಳಗೆ ಸೇರಿಸಲಾಗಿದೆ. ನಾಯಕನ ಮಹಿಮೆಯಿಂದಲೇ ಪ್ರಬಂಧಕ್ಕೆ ಮಹಿಮೆಯೆಂದು ವಿದ್ಯಾನಾಥನು ಆರಂಭದಲ್ಲಿಯೇ ವಾದಿಸುತ್ತಾನೆ. ರಾಮನಿಂದ ರಾಮಾಯಣವು ಪೂಜ್ಯವಾದಂತೆ ತನ್ನ ಶಾಸ್ತ್ರವೂ ಪೂಜ್ಯವಾಗಬೇಕೆಂಬುದು ಅವನ ಆಶಯ.

ನಮ್ಮ ಸಹಪಾಠಿಯೊಬ್ಬನು ಒಮ್ಮೆ ಎದ್ದು ನಿಂತು, “ಗುರುಗಳೇ, ಈ ಪ್ರತಾಪರುದ್ರನು ಏನು ಮಾಡಿದನು?” ಎಂದು ಕೇಳಿದನು. ಗುರುಗಳು ನಸ್ಯದ ಡಬ್ಬಿಯನ್ನು ಮುಚ್ಚಿ, “ಉದಾಹರಣೆಯಾದನಯ್ಯ” ಎಂದರು. ನಾವೆಲ್ಲ ನಕ್ಕೆವು. ಅವರು ನಗಿಸಲೆಂದು ಹಾಗೆ ಹೇಳಿದರೋ ಇಲ್ಲವೋ ಇಂದಿಗೂ ನನಗೆ ಗೊತ್ತಿಲ್ಲ. ೧೩೨೩ರಲ್ಲಿ ಓರುಗಲ್ಲು ದಿಲ್ಲಿಯ ಸೈನ್ಯಕ್ಕೆ ವಶವಾಯಿತೆಂಬುದನ್ನೂ, ಈ ಅರಸನು ಸೆರೆಯಾಳಾಗಿ ಉತ್ತರಕ್ಕೆ ಒಯ್ಯಲ್ಪಡುತ್ತ ದಾರಿಯಲ್ಲಿಯೇ ತೀರಿಕೊಂಡನೆಂಬುದನ್ನೂ ನಾನು ಬಹುಕಾಲದ ಮೇಲೆ ಚರಿತ್ರೆಯ ಪುಸ್ತಕದಲ್ಲಿ ಓದಿದೆನು. ನೂರಾರು ಪದ್ಯಗಳನ್ನು ಕಂಠಪಾಠಮಾಡಿದ್ದರೂ ಆ ಮನುಷ್ಯನನ್ನು ನಾನು ಆವರೆಗೆ ಭೇಟಿಯಾಗಿರಲಿಲ್ಲ.

ನಮ್ಮ ನಾಡಿನಲ್ಲಿಯೇ ಇದಕ್ಕಿಂತ ವಿಚಾರಾರ್ಹವಾದ ಗ್ರಂಥವಿದೆ. ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ‘ಅಭಿನವಕಾಳಿದಾಸ’ನೆಂಬ ಬಿರುದಿನ ನರಸಿಂಹಕವಿಯು ಬರೆದ ‘ನಂಜರಾಜಯಶೋಭೂಷಣ’ವು ೧೯೩೦ರಲ್ಲಿ ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ಅಚ್ಚಾಯಿತು. ಏಳು ವಿಲಾಸಗಳ ಈ ಗ್ರಂಥವು ಪ್ರತಾಪರುದ್ರೀಯದ ಪಡಿಯಚ್ಚು. ಲಕ್ಷಣಗಳು ಎಷ್ಟೋ ಕಡೆ ಅಲ್ಲಿಂದಲೇ ಬಂದುವು. ‘ಚಂದ್ರಕಲಾಕಲ್ಯಾಣ’ವೆಂಬ ನಾಟಕವು ಒಳಗೆ ಕುಳಿತಿರುವುದೂ ಅದೇ ಮೇಲ್ಪಂಕ್ತಿಯಿಂದ. ಭೇದವೊಂದೇ: ಇಲ್ಲಿಯ ನಾಯಕನು ಅರಸನಲ್ಲ. ಮೈಸೂರಿನ ಸಿಂಹಾಸನದಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರು (೧೭೩೪-೧೭೬೬) ಇದ್ದರು. ರಾಜ್ಯವನ್ನು ನಡೆಸುತ್ತಿದ್ದವರು ಕಳಲೆಯ ಸೋದರರು, ದಳವಾಯಿ ದೇವರಾಜಯ್ಯನೂ ಸರ್ವಾಧಿಕಾರಿ ನಂಜರಾಜಯ್ಯನೂ. ಗ್ರಂಥವು ಭೂಷಣವಾದುದು ಆ ಸರ್ವಾಧಿಕಾರಿಗೆ. ಪಟ್ಟವಿಲ್ಲದವನಿಗೆ ಪಟ್ಟದ ಲಕ್ಷಣಗಳನ್ನೆಲ್ಲ ತೊಡಿಸಿದ ಈ ಕೃತಿಯನ್ನು ರಾಜಸ್ತುತಿಯೆನ್ನುವುದಕ್ಕಿಂತ ರಾಜಕೀಯ ನಾಯಕನ ಸ್ತುತಿಯೆನ್ನುವುದೇ ಸರಿ. ಕುಂದಲಹಳ್ಳಿಯ ಕಂಬಕ್ಕೆ ಇದಕ್ಕಿಂತ ಹತ್ತಿರದ ಪೂರ್ವಜನನ್ನು ನಾನು ಕಾಣೆ.

ಇನ್ನು ಮನುಷ್ಯನ ಕಡೆಗೆ ನೋಡೋಣ. ನಂಜರಾಜಯ್ಯನು ಸ್ವತಃ ಗ್ರಂಥಕರ್ತ. ಬೆಂಗಳೂರಿಗೆ ವಾಯವ್ಯದಲ್ಲಿರುವ ಶಿವಗಂಗೆಯ ಕ್ಷೇತ್ರವನ್ನು ಕುರಿತ ‘ಕಕುದ್ಗಿರಿಮಾಹಾತ್ಮ್ಯ’ವೇ ಮೊದಲಾದ ಕನ್ನಡ ಗದ್ಯಗ್ರಂಥಗಳು ಅವನ ಹೆಸರಿನಲ್ಲಿವೆ, ಸಂಸ್ಕೃತದಲ್ಲಿ ‘ಸಂಗೀತಗಂಗಾಧರ’ವಿದೆ. ಶಿವಭಕ್ತ, ಪಂಡಿತ, ಹಟಮಾರಿ. ತಿರುಚಿನಾಪಳ್ಳಿಯ ಕೋಟೆ ತನಗೆ ಸಿಕ್ಕುವುದೆಂಬ ಮಾತನ್ನು ನಂಬಿ ೧೭೫೨ರಲ್ಲಿ ದಂಡೆತ್ತಿ ಹೋಗಿ, ಮಾತು ಕೊಟ್ಟ ಮಹಮ್ಮದಾಲಿಯು ತಪ್ಪಿದ ಮೇಲೂ ಅಲ್ಲಿಯೇ ಕುಳಿತು, ೧೭೫೫ರಲ್ಲಿ ಬೊಕ್ಕಸವನ್ನು ಬರಿದುಮಾಡಿಕೊಂಡು ಬರಿಗೈಯಲ್ಲಿ ಹಿಂದಿರುಗಿದನು. ಸಂಬಳ ಸಿಕ್ಕದ ಸಿಪಾಯಿಗಳು ಅವನ ಮನೆಯ ಬಾಗಿಲಲ್ಲಿ ಧರಣಿ ಕುಳಿತರು. ೧೭೬೧ರ ಹೊತ್ತಿಗೆ ಅಧಿಕಾರವೆಲ್ಲ ಹೈದರಾಲಿಯ ಕೈಗೆ ಹೋಗಿತ್ತು. ಹೈದರನನ್ನು ಮೇಲಕ್ಕೆ ತಂದವರಲ್ಲಿ ನಂಜರಾಜಯ್ಯನೇ ಮುಖ್ಯನು. ಇಂಥ ಚರಿತ್ರೆಯಲ್ಲಿ ಎಂಥ ನಾಟಕವಿದೆ! ಚಂದ್ರಕಲಾಕಲ್ಯಾಣದಲ್ಲಿ ಅದರ ನೆರಳೂ ಇಲ್ಲ. ಅಲ್ಲಿರುವುದು ಲಕ್ಷಣಕ್ಕೆ ಸರಿಯಾಗಿ ನಡೆಯುವ ಒಬ್ಬ ನಾಯಕ, ಲಕ್ಷಣಕ್ಕೆ ಸರಿಯಾಗಿ ದೊರೆಯುವ ಒಬ್ಬ ನಾಯಿಕೆ. ಹೆಸರನ್ನು ಅಳಿಸಿ ‘ಪ್ರತಾಪರುದ್ರ’ ಎಂದು ಬರೆದರೆ ಛಂದಸ್ಸಿಗಲ್ಲದೆ ಮತ್ತಾವುದಕ್ಕೂ ಭಂಗವಿಲ್ಲ.

ಈ ಲೋಪದ ಕಾರಣವನ್ನು ಶಾಸ್ತ್ರದ ಮಾತಿನಲ್ಲಿಯೇ ಹೇಳಬಹುದು. ಇಂದು ನಾವು ‘ವ್ಯಕ್ತಿತ್ವ’ವೆಂದು ಧಾರಾಳವಾಗಿ ಆಡುವ ಮಾತಿನ ಮೂಲದಲ್ಲಿರುವ ‘ವ್ಯಕ್ತಿ’ಯು ನೈಯಾಯಿಕರಿಗೆ ‘ಜಾತಿ’ಯ ಎದುರು ಪದ. ಗೋತ್ವವು ಜಾತಿ, ಇದಿರಿಗೆ ನಿಂತಿರುವ ಈ ಕಪ್ಪು ಹಸುವು ವ್ಯಕ್ತಿ. ಪದದ ಅರ್ಥದಲ್ಲಿ ವ್ಯಕ್ತಿ, ಆಕೃತಿ, ಜಾತಿ ಮೂರೂ ಸೇರಿವೆಯೆಂದು ಗೌತಮರ ಸಿದ್ಧಾಂತ. ಸ್ತುತಿಪದ್ಯವು ಹೆಸರನ್ನು ವ್ಯಕ್ತಿಯಿಂದ ತೆಗೆದುಕೊಳ್ಳುತ್ತದೆ, ಅರ್ಥವನ್ನು ಜಾತಿಯಿಂದ ತುಂಬುತ್ತದೆ. ಧನಂಜಯನ ದಶರೂಪಕದಲ್ಲಿ ನಾಯಕನಿಗೆ ಶೋಭೆ, ವಿಲಾಸ, ಮಾಧುರ್ಯ, ಗಾಂಭೀರ್ಯ, ಸ್ಥೈರ್ಯ, ತೇಜಸ್ಸು, ಲಲಿತ, ಔದಾರ್ಯಗಳೆಂಬ ಎಂಟು ಸಾತ್ತ್ವಿಕಗುಣಗಳನ್ನು ಹೇಳಿದೆ. ಅವು ನಾಟಕಕಾರನು ಪಾತ್ರವನ್ನು ಅಳೆಯತಕ್ಕ ಅಳತೆಗೋಲು. ಅಳತೆಗೋಲನ್ನೇ ಬಟ್ಟೆಯೆಂದು ಉಡಿಸಿದರೆ ಉಟ್ಟವನು ಕಾಣುವುದೆಂತು?

ಆಲಂಕಾರಿಕನು ಇಲ್ಲಿ ಒಂದು ಆಕ್ಷೇಪವನ್ನು ತರಬಹುದು, ಅದನ್ನು ಹಗುರವಾಗಿ ತಳ್ಳಲಾಗದು. ಭಟ್ಟನಾಯಕನಿಂದ ಮುಂದಕ್ಕೆ ರಸವಾದಿಗಳೆಲ್ಲರೂ ಸಾಧಾರಣೀಕರಣವನ್ನು ಒಪ್ಪಿರುವರು. ರಾಮನು ರಾಮನೆಂಬ ವಿಶೇಷವನ್ನು ಕಳೆದುಕೊಂಡಾಗಲೇ ಅವನ ದುಃಖವು ನಮಗೆ ಕರುಣರಸವಾಗುತ್ತದೆ. ಹಾಗಿರುವಲ್ಲಿ ನಂಜರಾಜನ ವಿಶೇಷವು ಕರಗಿದರೆ ದೋಷವೇನು? ಸಮಾಧಾನವಿಷ್ಟೆ: ಕಾವ್ಯದಲ್ಲಿ ಒಬ್ಬನದು ಎಲ್ಲರದಾಗುತ್ತದೆ, ಸ್ತುತಿಯಲ್ಲಿ ಎಲ್ಲರದು ಒಬ್ಬನದಾಗುತ್ತದೆ. ರಾಮನ ದುಃಖವನ್ನು ನಾವು ಪಡೆದುಕೊಳ್ಳುತ್ತೇವೆ. ನಂಜರಾಜನಾದರೋ ಲೋಕದ ಶೌರ್ಯೌದಾರ್ಯಗಳನ್ನೆಲ್ಲ ತನ್ನ ಖಾತೆಗೆ ಬರೆಸಿಕೊಳ್ಳುತ್ತಾನೆ. ಹೋಗುವ ದಾರಿಯೇ ತಿರುಗುಮುರುಗಾದುದರಿಂದ ಅದನ್ನು ಸಾಧಾರಣೀಕರಣವೆನ್ನಲು ಬಾರದು.

ಹಾಗೆಂದು ಆಶ್ರಿತಕವಿಗಳ ಹೊಗಳಿಕೆಯೆಲ್ಲ ಒಂದೇ ತೆರನಲ್ಲ. ಪಂಪನು ವೇಮುಲವಾಡದ ಇಮ್ಮಡಿ ಅರಿಕೇಸರಿಯನ್ನು ಅರ್ಜುನನೊಡನೆ ತಗುಳ್ಚಿ ವಿಕ್ರಮಾರ್ಜುನವಿಜಯವನ್ನು ಬರೆದನು. ಧರ್ಮಪುರವೆಂಬ ಅಗ್ರಹಾರವನ್ನು ಪಡೆದನು. ಆ ಅಭೇದಕ್ಕಾಗಿ ಭಾರತಕ್ಕೆ ಬಿದ್ದ ಪೆಟ್ಟುಗಳು ಪ್ರಸಿದ್ಧವಾಗಿವೆ: ದ್ರೌಪದಿಯು ಅರ್ಜುನನೊಬ್ಬನ ಪತ್ನಿಯಾದಳು, ಕಡೆಯಲ್ಲಿ ಪಟ್ಟವು ಧರ್ಮರಾಜನಿಗಲ್ಲದೆ ಅರ್ಜುನ ಸುಭದ್ರೆಯರಿಗಾಯಿತು. ನಮ್ಮ ವಿಮರ್ಶಕರು ಇವನ್ನು ಪಂಪನ ಚಾತುರ್ಯವೆಂದು ಮೆಚ್ಚುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ಅವು ಕವಿ ತೆತ್ತ ಸುಂಕ. ಆದರೆ ಸುಂಕ ತೆತ್ತವನು ಎರಡು ವಸ್ತುಗಳನ್ನು ಉಳಿಸಿಕೊಂಡನು. ಒಂದು, ನಾಯಕನ ವೈರಿಯಾದ ಕರ್ಣ: ಭಾರತವನ್ನು ನೆನೆಯುವವರು ಮೊದಲು ಕರ್ಣನನ್ನು ನೆನೆಯಬೇಕೆಂಬ ಅಭಿಪ್ರಾಯವನ್ನು ಅರ್ಜುನನ ವಿಜಯಕಾವ್ಯದಲ್ಲಿಯೇ ಇಟ್ಟನು. ಮತ್ತೊಂದು, ಅರಿಕೇಸರಿ ನಿಜವಾಗಿ ಮಾಡಿದ ಒಂದು ಕೆಲಸ. ಮರೆಹೊಕ್ಕ ಬಿಜ್ಜನನ್ನು ಒಪ್ಪಿಸೆಂದು ರಾಷ್ಟ್ರಕೂಟ ಚಕ್ರವರ್ತಿ ಗೋವಿಂದನು ಕೇಳಿದಾಗ ಅರಿಕೇಸರಿಯು ಒಪ್ಪಿಸಲಿಲ್ಲ; ಆ ಚಕ್ರವರ್ತಿಯನ್ನೇ ಇಳಿಸಿ ಬದ್ದೆಗನಿಗೆ ಪಟ್ಟವಾಗುವಂತೆ ಮಾಡಿದನು. ಗುಣಾರ್ಣವ, ಉದಾತ್ತನಾರಾಯಣ ಮುಂತಾದ ಬಿರುದುಗಳು ಯಾವ ಸಾಮಂತನಿಗೂ ಒಪ್ಪುವುವು. ಬಿಜ್ಜನ ವೃತ್ತಾಂತವು ಇವನೊಬ್ಬನಿಗೇ ಒಪ್ಪುವುದು. ಸಾವಿರ ವರ್ಷಗಳ ಮೇಲೆ ಅರಿಕೇಸರಿಯು ನಮಗೆ ಮನುಷ್ಯನಾಗಿ ಕಾಣುವುದು ಆ ಕಿಂಡಿಯಲ್ಲಿ.

ರನ್ನನ ಗತಿಯು ಬೇರೆ. ಸತ್ಯಾಶ್ರಯನ ಬಿರುದಿನಿಂದ ‘ಸಾಹಸಭೀಮವಿಜಯ’ವೆಂದು ಹೆಸರಿಟ್ಟ ಕಾವ್ಯವನ್ನು ಲೋಕವು ‘ಗದಾಯುದ್ಧ’ವೆಂದಿತು, ಓದಿದವರ ಕಣ್ಣ ಮುಂದೆ ನಿಂತವನು ದುರ್ಯೋಧನ. ಸತ್ಯಾಶ್ರಯನನ್ನು ಅಧ್ಯಾಪಕರು ಟಿಪ್ಪಣಿಯಲ್ಲಿ ಹೇಳುತ್ತಾರೆ.

ಈ ಸಂದರ್ಭದಲ್ಲಿ ಬೇಗೂರಿನ ಕಲ್ಲನ್ನು ನೆನೆಯದಿರಲಾಗದು. ಸುಮಾರು ೮೯೦ರ ಆ ಶಾಸನದಲ್ಲಿ ‘ಬೆಂಗಳೂರು’ ಎಂಬ ಹೆಸರು ಒಂದು ಕಾಳಗದ ಹೆಸರಾಗಿ ಬರುತ್ತದೆ. ಅಲ್ಲಿ ಬಿರುದಿನ ಮಾಲೆಯಿಲ್ಲ, ಸತ್ತವನ ಹೆಸರು, ಅವನು ಯಾರ ಕಡೆಯವನು, ಯಾವ ಕಾಳಗದಲ್ಲಿ ಸತ್ತನು, ಇಷ್ಟೆ. ವೀರಗಲ್ಲಿಗೆ ಮುದ್ರೆಯೊತ್ತುವುದು ಕ್ರಿಯೆ, ಗುಣವಲ್ಲ. ಕೆಲವೇ ಅಕ್ಷರಗಳಲ್ಲಿ ಕಂಡರಣೆಗಾರನು ಸಾಧಿಸಿದುದನ್ನು ನರಸಿಂಹಕವಿಯು ಏಳು ವಿಲಾಸಗಳಲ್ಲಿ ಸಾಧಿಸಲಿಲ್ಲವೆಂದು ಹೇಳಲು ನನಗೆ ಸಂಕೋಚವಿಲ್ಲ.

ನರಸ್ತುತಿಯೇ ಕೂಡದೆಂಬ ಪಕ್ಷವೂ ನಮ್ಮಲ್ಲಿ ಪ್ರಬಲವಾಗಿತ್ತು. ಹರಿಶ್ಚಂದ್ರನೆಂಬ ಮಾನವನನ್ನು ಹಾಡಿದುದಕ್ಕಾಗಿ ರಾಘವಾಂಕನು ಗುರುವಾದ ಹರಿಹರನ ಕೋಪಕ್ಕೆ ಗುರಿಯಾಗಿ ಹಲ್ಲುಗಳನ್ನು ಕಳೆದುಕೊಂಡನೆಂದೂ, ಶಿವಶರಣರ ಚರಿತ್ರೆಗಳನ್ನು ಬರೆದು ಅವನ್ನು ಮರಳಿ ಪಡೆದನೆಂದೂ ಐತಿಹ್ಯ. ಗುರುವಿನ ಎಚ್ಚರಿಕೆ ದೊಡ್ಡದು, ಆದರೆ ಏಟು ಬಿದ್ದುದು ತಪ್ಪು ಜಾಗಕ್ಕೆ. ಹರಿಶ್ಚಂದ್ರನು ಯಾರಿಗೂ ಅಗ್ರಹಾರ ಕೊಡುವ ಸ್ಥಿತಿಯಲ್ಲಿರಲಿಲ್ಲ; ಆ ಕಾವ್ಯವು ಅವನನ್ನು ಹೊಗಳುವುದಕ್ಕಿಂತ ಹೆಚ್ಚಾಗಿ ಪರೀಕ್ಷಿಸುತ್ತದೆ.

ಪರೀಕ್ಷೆಯಿಲ್ಲದ ಪೂಜೆಯು ರಾಜ್ಯಾಂಗಕ್ಕೆ ಅಪಾಯವೆಂಬುದನ್ನು ನಮ್ಮ ಕಾಲದ ಇಬ್ಬರು ನಾಯಕರೇ ಹೇಳಿರುವರು. ೧೯೪೯ನೆಯ ನವೆಂಬರು ೨೫ರಂದು ಸಂವಿಧಾನಸಭೆಯಲ್ಲಿ ಡಾಕ್ಟರ್ ಅಂಬೇಡ್ಕರರು, ಧರ್ಮದಲ್ಲಿ ಭಕ್ತಿಯು ಮುಕ್ತಿಮಾರ್ಗವಾದೀತು, ರಾಜಕೀಯದಲ್ಲಿ ಅದು ಅಧಃಪತನಕ್ಕೂ ಸರ್ವಾಧಿಕಾರಕ್ಕೂ ಮಾರ್ಗವೆಂಬ ಅಭಿಪ್ರಾಯವನ್ನು ಕೊಟ್ಟರು. ೧೯೩೭ರಲ್ಲಿ ಜವಾಹರಲಾಲ ನೆಹರೂ ಅವರು ‘ಚಾಣಕ್ಯ’ನೆಂಬ ಕಾವ್ಯನಾಮದಿಂದ ಮಾಡರ್ನ್ ರಿವ್ಯೂ ಪತ್ರಿಕೆಯಲ್ಲಿ ತಮ್ಮನ್ನೇ ವಿಮರ್ಶಿಸಿ, ಈ ಮನುಷ್ಯನಲ್ಲಿ ನಿರಂಕುಶನಾಗುವ ಬೀಜಗಳಿವೆಯೆಂದು ಎಚ್ಚರಿಸಿದರು. ಎರಡನೆಯದು ವ್ಯಾಜಸ್ತುತಿಯಲ್ಲವೆ ಎಂದು ಆಲಂಕಾರಿಕನು ಕೇಳಬಹುದು, ನಾನೂ ಕೇಳಿಕೊಂಡಿದ್ದೇನೆ. ನಿಂದೆಯ ವೇಷದ ಹೊಗಳಿಕೆ ಅಲ್ಲಿ ಸ್ವಲ್ಪ ಇರಬಹುದು. ಆದರೆ ಗುಂಪಿನ ಮುಂದೆ ಆತನ ಮುಖವು ಹೇಗೆ ಬದಲಾಗುತ್ತದೆಯೆಂಬುದನ್ನು ಆ ಲೇಖನವು ಗಮನಿಸಿದೆ. ಸ್ತುತಿಪಾಠಕನು ಅದನ್ನು ಗಮನಿಸುತ್ತಿರಲಿಲ್ಲ. ನಾಯಕರ ವ್ಯಕ್ತಿಚಿತ್ರವನ್ನು ಕನ್ನಡದಲ್ಲಿ ಬರೆಯುವ ಹದವನ್ನು ಬಲ್ಲವರಿಲ್ಲವೆಂದಲ್ಲ. ಡಿ. ವಿ. ಗುಂಡಪ್ಪನವರ ‘ಜ್ಞಾಪಕಚಿತ್ರಶಾಲೆ’ಯಲ್ಲಿ ದಿವಾನರುಗಳೂ ವೈದಿಕರೂ ಬರುವುದು ಬಿರುದುಗಳಿಂದಲ್ಲ, ಆಡಿದ ಮಾತುಗಳಿಂದ.

ಕಳೆದ ವರ್ಷ ಪ್ರತಾಪರುದ್ರೀಯದ ನಾಯಕಪ್ರಕರಣವನ್ನು ಮುಗಿಸಿದ ದಿನ ನನ್ನ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸವನ್ನು ಕೊಟ್ಟೆನು: ಕುಂದಲಹಳ್ಳಿಯ ಕಂಬಗಳ ಮೇಲಿರುವ ಯಾರಾದರೊಬ್ಬ ನಾಯಕನನ್ನು ಕುರಿತು, ಮತ್ತೊಬ್ಬನಿಗೆ ಹೊಂದದ ಒಂದು ವಾಕ್ಯವನ್ನು ಬರೆದು ತರಬೇಕು. ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಬಿರುದುಗಳನ್ನು ತಂದರು. ಒಬ್ಬಳು ಮಾತ್ರ ಹೀಗೆ ಬರೆದಿದ್ದಳು: “ಮಳೆಯ ನೀರು ನಮ್ಮ ಬೀದಿಗೆ ನುಗ್ಗಿದ ರಾತ್ರಿ ಇವರು ಪಂಚೆಯನ್ನು ಎತ್ತಿಕಟ್ಟಿಕೊಂಡು ಬಂದು, ಹಸುಗಳನ್ನು ಎಲ್ಲಿ ಕಟ್ಟಿದ್ದೀರಿ ಎಂದು ಮೊದಲು ಕೇಳಿದರು.” ವಾಕ್ಯದಲ್ಲಿ ಕಾಗುಣಿತದ ತಪ್ಪು ಎರಡಿದ್ದುವು. ತಿದ್ದಿ, ತರಗತಿಗೆ ಗಟ್ಟಿಯಾಗಿ ಓದಿಸಿದೆನು.