ಆಯುಧದ ಎಲೆ, ಆಸರೆಯ ಎಲೆ

ಎಲೆಯಾಟದ ಗುಣದೋಷವಿಚಾರಕ್ಕೆ ಸಾಹಿತ್ಯಪತ್ರಿಕೆಯಲ್ಲಿ ಎಡೆಯುಂಟೆ ಎಂದು ಕೆಲವು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಇಸ್ಪೀಟಿನ ರಾಜರಾಣಿಯರಿಗೆ ಬೆಲೆಯುಂಟು, ಬಾಳಿಲ್ಲ. ಅವರನ್ನು ಎಣಿಸಬಹುದಲ್ಲದೆ ವಿಮರ್ಶಿಸಲಾಗದು. ಆದರೆ ಒಂದೊಂದು ಎಲೆಯೂ ಒಬ್ಬ ಮನುಷ್ಯನನ್ನೋ ಒಂದು ಆಯುಧವನ್ನೋ ಒಂದು ಸಂಕಟದ ಗಳಿಗೆಯನ್ನೋ ಹೆಸರಿಸಿ, ಅವೆಲ್ಲ ಕೂಡಿ ಒಂದು ಕಥೆಯಾಗುವ ಆಟಗಳೂ ಉಂಟು. ಕಥೆ ಬಂದಲ್ಲಿ ರಸ ಬಂದಿತು. ರಸ ಬಂದಲ್ಲಿ ಔಚಿತ್ಯದ ಪ್ರಶ್ನೆ ಬಂದಿತು. ಅಂತಹ ಒಂದು ಆಟದ ಆಯುಧಗಳನ್ನೂ ಆಸರೆಗಳನ್ನೂ ತೂಗಿ ನೋಡುವುದೇ ಈ ಬರಹದ ಉದ್ದೇಶ.

ಆಟದ ಹೆಸರು ‘ಆರ್ಕಮ್ ಹಾರರ್: ದಿ ಕಾರ್ಡ್ ಗೇಮ್’. ನೇಟ್ ಫ್ರೆಂಚ್ ಮತ್ತು ಎಂ. ಜೆ. ನ್ಯೂಮನ್ ಎಂಬಿಬ್ಬರು ಇದನ್ನು ರಚಿಸಿದರು. ಅಮೆರಿಕದ ಫ್ಯಾಂಟಸಿ ಫ್ಲೈಟ್ ಗೇಮ್ಸ್ ಎಂಬ ಸಂಸ್ಥೆ 2016ರಲ್ಲಿ ಪ್ರಕಟಿಸಿತು. ಪ್ರಾವಿಡೆನ್ಸ್ ನಗರದಲ್ಲಿ ಬಾಳಿ 1937ರಲ್ಲಿ ತೀರಿಕೊಂಡ ಎಚ್. ಪಿ. ಲವ್‌ಕ್ರಾಫ್ಟ್ ಎಂಬ ಕಥೆಗಾರನು ಕಲ್ಪಿಸಿದ ಆರ್ಕಮ್ ಎಂಬ ಪಟ್ಟಣವೇ ಇದರ ರಂಗಭೂಮಿ. ಕಾಲ 1920ರ ದಶಕ. ಇದರಲ್ಲಿ ಆಡುವವರು ಒಬ್ಬರಿಗೊಬ್ಬರು ಎದುರಾಳಿಗಳಲ್ಲ. ಎಲ್ಲರೂ ಒಂದೇ ಪಕ್ಷ. ಎದುರು ನಿಲ್ಲುವುದು ಆಟವೇ. ಗೆದ್ದರೆ ಎಲ್ಲರೂ ಗೆದ್ದಂತೆ, ಸೋತರೆ ಎಲ್ಲರೂ ಸೋತಂತೆ. ಭಯಾನಕವನ್ನು ಅಂಗಿರಸವಾಗಿಟ್ಟುಕೊಂಡ ಆಟದಲ್ಲಿ ಸಖ್ಯವೇ ಆಶ್ರಯವಾಗಿರುವುದು ಇದರ ಮೊದಲ ಚೆಲುವು.

ವಿಚಾರಕ್ಕೆ ಬೇಕಾದಷ್ಟು ನಿಯಮವನ್ನು ಹೇಳಿ ಮುಂದೆ ಹೋಗುವೆನು. ಪ್ರತಿಯೊಬ್ಬನೂ ಒಬ್ಬ ಪತ್ತೇದಾರನ ಪಾತ್ರವನ್ನು ವಹಿಸಿ, ಅವನಿಗೆ ಸಲ್ಲುವ 30 ಎಲೆಗಳ ಕಟ್ಟನ್ನು ತಾನೇ ಆರಿಸಿ ಕಟ್ಟುತ್ತಾನೆ. ಮೊದಲಿಗೆ ಕೈಯಲ್ಲಿ 5 ಎಲೆ, ಚೀಲದಲ್ಲಿ 5 ದ್ರವ್ಯ. ಪ್ರತಿ ಸರದಿಗೂ 3 ಕೆಲಸ. ಒಂದು ಕೆಲಸವನ್ನು ವ್ಯಯಿಸಿ ಒಂದು ದ್ರವ್ಯವನ್ನಾಗಲಿ ಒಂದು ಎಲೆಯನ್ನಾಗಲಿ ಪಡೆಯಬಹುದು. ಆಯುಧವನ್ನೋ ಸಂಗಾತಿಯನ್ನೋ ಹೂಡಬೇಕಾದರೆ ಅದರ ಬೆಲೆಯ ಜೊತೆಗೆ ಒಂದು ಕೆಲಸವನ್ನೂ ತೆರಬೇಕು. ಆದುದರಿಂದ ಮೇಜಿನ ಮೇಲೆ ಕುಳಿತ ಎಲೆಯ ನಿಜವಾದ ಬೆಲೆ ಅದರ ಮೇಲೆ ಅಚ್ಚಾದ ಅಂಕಿಯಲ್ಲ. ಅದಕ್ಕೆ ಎರಡನ್ನು ಕೂಡಿಸಬೇಕು. ಮಚ್ಚಿನ ಬೆಲೆ 3 ಎಂದಿದ್ದರೆ, ಅದನ್ನು ಪಡೆಯಲು 1, ಹೂಡಲು 1 ಸೇರಿ, ಅದು 5 ಕೆಲಸಗಳ ಎಲೆ. ಗಸ್ತಿನ ಪೋಲೀಸಿನವನು 4ರ ಎಲೆಯಾದುದರಿಂದ 6 ಕೆಲಸಗಳವನು.

ಹೊಡೆದಾಟದ ಫಲವನ್ನು ನಿರ್ಣಯಿಸುವುದು ಬಿಲ್ಲೆಗಳ ಒಂದು ಚೀಲ. ನಮ್ಮ ಬಲದಿಂದ ಶತ್ರುವಿನ ಎದುರುಬಲವನ್ನು ಕಳೆದು ಉಳಿಯುವ ಹೆಚ್ಚಳ ಎಷ್ಟಿದೆಯೋ ಅಷ್ಟರವರೆಗಿನ ಕೇಡನ್ನು ತಡೆದುಕೊಳ್ಳಬಹುದು. ‘ದಿ ಗ್ಯಾದರಿಂಗ್’ ಎಂಬ ಮೊದಲ ಪ್ರಸಂಗವನ್ನು ಸಾಮಾನ್ಯ ಕಾಠಿಣ್ಯದಲ್ಲಿ ಆಡಿದರೆ ಚೀಲದಲ್ಲಿ 16 ಬಿಲ್ಲೆಗಳಿರುತ್ತವೆ. ಹೆಣ ತಿನ್ನುವ ಗೂಲ್ ಪಿಶಾಚಿಯೊಂದು ಎದುರಿಗಿದೆ ಎಂದುಕೊಳ್ಳೋಣ. ಬಲಗಳು ಸಮವಾಗಿದ್ದರೆ 16ರಲ್ಲಿ 4 ಬಿಲ್ಲೆಗಳು ಮಾತ್ರ ನಮ್ಮ ಪರ. ಹೆಚ್ಚಳ ಒಂದಾದರೆ 10, ಎರಡಾದರೆ 13, ಮೂರಾದರೆ 14, ನಾಲ್ಕಾದರೆ 15. ಹದಿನಾರನೆಯದು ಏನು ಮಾಡಿದರೂ ಸೋಲಿನ ಬಿಲ್ಲೆ. ಮೊದಲನೆಯ ಹೆಜ್ಜೆ ಆರು ಬಿಲ್ಲೆಗಳನ್ನು ಗಳಿಸಿಕೊಟ್ಟರೆ ಎರಡನೆಯದು ಮೂರನ್ನು, ಮೂರನೆಯದು ಒಂದನ್ನು ಮಾತ್ರ. ಬಲ ಬೆಳೆದಂತೆಲ್ಲ ಲಾಭ ಕುಗ್ಗುವ ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎಷ್ಟೋ ಎಲೆಗಳ ಹೊಗಳಿಕೆ ತಾನಾಗಿಯೇ ಇಳಿದುಹೋಗುತ್ತದೆ.

ಇನ್ನು ಆಯುಧಗಳು. ರೋಲೆಂಡ್ ಬ್ಯಾಂಕ್ಸ್ ಎಂಬ ಸರ್ಕಾರಿ ಪತ್ತೇದಾರನ ಕಾದಾಟದ ಬಲ 4. ಮನೆಯ ಅಟ್ಟದಲ್ಲಿ ಅವನನ್ನು ಎದುರುಗೊಳ್ಳುವ ಮಾಂಸಭಕ್ಷಕನ ಎದುರುಬಲ 4, ದೇಹಬಲ 4. ಬರಿಗೈಯ ಪೆಟ್ಟು ಒಂದು; ಗೆಲ್ಲುವುದು ನಾಲ್ಕರಲ್ಲಿ ಒಂದು ಸಲ. ಅಂದರೆ ಆ ಒಂದು ಪಿಶಾಚಿಯನ್ನು ಕೆಡಹಲು ಸರಾಸರಿ 16 ಕೆಲಸ ಬೇಕು. ಒಂದು ದ್ರವ್ಯದ ಚೂರಿ ಬಲವನ್ನು ಒಂದರಷ್ಟು ಏರಿಸುತ್ತದೆ, ಪೆಟ್ಟನ್ನು ಏರಿಸದು. ಎಸೆದುಬಿಟ್ಟರೆ ಮಾತ್ರ ಒಮ್ಮೆ ಎರಡು ಪೆಟ್ಟು. ಎಸೆಯದೆ ಹಿಡಿದರೆ 16 ಕೆಲಸಗಳು ಆರೂವರೆಯ ಸಮೀಪಕ್ಕೆ ಇಳಿಯುತ್ತವೆ. ಮಚ್ಚು ಬಲವನ್ನೂ ಪೆಟ್ಟನ್ನೂ ಒಂದೊಂದು ಏರಿಸುವುದರಿಂದ ಮೂರು ಕೆಲಸಗಳಲ್ಲಿ, ತುಸು ಹೆಚ್ಚಿನಲ್ಲಿ, ಕಾರ್ಯ ಮುಗಿಯುತ್ತದೆ. 5 ಕೆಲಸಗಳ ಎಲೆ ಒಂದೇ ಹೋರಾಟದಲ್ಲಿ ಹನ್ನೆರಡಕ್ಕೂ ಮಿಕ್ಕು ಕೆಲಸಗಳನ್ನು ಉಳಿಸಿತು. ನಾಲ್ಕು ದ್ರವ್ಯದ .45 ಪಿಸ್ತೂಲು ಮಾಡುವುದೂ ಇಷ್ಟೇ. ಆದರೆ ಅದರಲ್ಲಿ ಗುಂಡುಗಳು ನಾಲ್ಕೇ, ಗುರಿ ತಪ್ಪಿದರೂ ಗುಂಡು ಹೋದಂತೆಯೇ. ಮಚ್ಚಿಗೆ ಗುಂಡಿನ ಹಂಗಿಲ್ಲ, ಬೆಲೆಯೂ ಒಂದು ಕಡಮೆ. ಆದುದರಿಂದ ಮಚ್ಚೇ ಮೇಲೆಂದು ಅನೇಕರು ತೀರ್ಪು ಹೇಳಿರುವರು. ನಾನೂ ಬಹುಕಾಲ ಹಾಗೆಯೇ ಹೇಳಿಕೊಂಡು ಬಂದೆನು.

ಎಲೆಯ ಗುಣವನ್ನು ತೂಗುವಾಗ ಅದು ಕೈಗೆ ಬರುವ ಸಂಭವವನ್ನೂ ತೂಗಬೇಕು. ಒಂದು ಹೆಸರಿನ ಎಲೆ ಕಟ್ಟಿನಲ್ಲಿ ಎರಡಕ್ಕಿಂತ ಹೆಚ್ಚು ಸಲ್ಲದು. 30 ಎಲೆಗಳಲ್ಲಿ ಎರಡೇ ಆಯುಧವಿದ್ದರೆ ಮೊದಲ ಐದರಲ್ಲಿ ಒಂದಾದರೂ ಬರುವುದು ನೂರಕ್ಕೆ 31 ಸಲ. ಆರು ಆಯುಧಗಳಿದ್ದರೆ ನೂರಕ್ಕೆ 70 ಸಲ. ಕಟ್ಟಿನ ಅಡಿಯಲ್ಲಿ ಮಲಗಿರುವ ಶ್ರೇಷ್ಠಾಯುಧಕ್ಕಿಂತ ಕೈಯಲ್ಲಿರುವ ಚೂರಿ ಲೇಸು. ಹಾಗೆಂದು ಬಂದುದನ್ನೆಲ್ಲ ಒಡನೆಯೇ ಹೂಡುತ್ತ ಕೂಡುವಂತೆಯೂ ಇಲ್ಲ. ಮೂರು ದ್ರವ್ಯವನ್ನು ಉಚಿತವಾಗಿ ಕೊಡುವ ‘ಆಪತ್ತಿನ ಗಂಟು’ ಎಂಬ ಎಲೆಯ ನೆರವಿನಿಂದ ಮೊದಲ ಸರದಿಯಲ್ಲೇ ಮಚ್ಚನ್ನೂ ಪೋಲೀಸಿನವನನ್ನೂ ಹೂಡಬಹುದು. ಆದರೆ ಮೂರು ಕೆಲಸಗಳೂ ಅದಕ್ಕೇ ತೀರಿದವು, ಉಳಿದುದು ಒಂದು ದ್ರವ್ಯ. ಈ ಪ್ರಸಂಗದ ಮೊದಲ ಅಂಕ ಮೂರು ಕೇಡಿನ ಗುರುತುಗಳಿಗೆ ಮುಗಿದುಹೋಗುವುದು. ಸನ್ನಾಹದಲ್ಲೇ ಕಾಲ ಕಳೆದವನಿಗೆ ಯುದ್ಧಕ್ಕೆ ವೇಳೆಯಿಲ್ಲ.

ಆಸರೆಯ ಎಲೆಗಳ ವಿಚಾರ ಇಷ್ಟು ಸುಲಭವಲ್ಲ. ಗಸ್ತಿನ ಪೋಲೀಸಿನವನು ಬಲವನ್ನು ಒಂದರಷ್ಟು ಏರಿಸುತ್ತಾನೆ. ಮಚ್ಚು ಹಿಡಿದವನಿಗೆ ಅದು ಎರಡನೆಯ ಹೆಜ್ಜೆ: ಹತ್ತು ಬಿಲ್ಲೆಗಳು ಹದಿಮೂರಾಗುತ್ತವೆ. ಮಾಂಸಭಕ್ಷಕನ ಮೇಲಿನ ಕೆಲಸ 3.2ರಿಂದ 2.5ರ ಸಮೀಪಕ್ಕೆ ಇಳಿಯುತ್ತದೆ. ಉಳಿತಾಯ ಮುಕ್ಕಾಲು ಕೆಲಸವೂ ಅಲ್ಲ. ಅವನಿಗಾಗಿ ತೆತ್ತ ಆರು ಕೆಲಸಗಳು ಮರಳಿ ಬರಬೇಕಾದರೆ ಅಂತಹ ಎಂಟು ಪಿಶಾಚಿಗಳನ್ನು ಕೊಲ್ಲಬೇಕು! ಅವನ ಬೇರೆ ಗುಣಗಳನ್ನೂ ನೋಡೋಣ. ತನ್ನ ಎರಡು ದೇಹಬಲ, ಎರಡು ಚಿತ್ತಬಲಗಳಿಂದ ನಮಗೆ ಬರುವ ಗಾಯ ಭೀತಿಗಳನ್ನು ತಾನು ಹೊರಬಲ್ಲನು. ಅವನನ್ನು ಬಿಟ್ಟುಕೊಟ್ಟರೆ ಪರೀಕ್ಷೆಯಿಲ್ಲದೆ, ಬಿಲ್ಲೆಯಿಲ್ಲದೆ, ಕೆಲಸವೂ ಇಲ್ಲದೆ ಒಂದು ಪೆಟ್ಟು ಖಂಡಿತ. ಎರಡೆರಡಾಗಿ ಹೊಡೆಯುವ ಆಯುಧಕ್ಕೆ ಮೂರು ದೇಹಬಲದ ಶತ್ರು ತೊಡಕು. ಆ ಉಳಿದ ಒಂದನ್ನು ಇವನು ತುಂಬಿಕೊಡುತ್ತಾನೆ. ಒಬ್ಬನೇ ಆಡುವಾಗ ಗೂಲ್ ಪೂಜಾರಿಯ ದೇಹಬಲ 5: ಮಚ್ಚಿನ ಎರಡು ಪೆಟ್ಟು, ಪೋಲೀಸಿನವನ ಒಂದು, ಲೆಕ್ಕ ಸರಿಹೋಯಿತು.

ಇವನ ಪ್ರತಿಸ್ಪರ್ಧಿ ಕಾವಲುನಾಯಿ. ಸಂಗಾತಿಯ ಸ್ಥಾನ ಒಂದೇ ಆದುದರಿಂದ ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕು. ನಾಯಿಯ ಬೆಲೆ 3, ದೇಹಬಲ 3; ಶತ್ರು ಅದನ್ನು ಗಾಯಗೊಳಿಸಿದಾಗಲೆಲ್ಲ ಅದು ತಿರುಗಿ ಒಂದು ಪೆಟ್ಟು ಕೊಡುತ್ತದೆ. ಇದರ ಪಕ್ಕದಲ್ಲಿ ‘ಪ್ರಥಮ ಚಿಕಿತ್ಸೆ’ ಸಪ್ಪೆಯಾಗಿ ಕಾಣುವುದು. ಹೂಡಲು ನಾಲ್ಕು ಕೆಲಸ, ಆಮೇಲೆ ಒಂದೊಂದು ಗಾಯಕ್ಕೆ ಒಂದೊಂದು ಕೆಲಸ. ಒಟ್ಟು ಏಳು ಕೆಲಸಗಳಿಗೆ ಮೂರು ಗಾಯ ಮಾಯುತ್ತವೆ. ನಾಯಿ ಐದು ಕೆಲಸಗಳಿಗೆ ಮೂರು ಗಾಯಗಳನ್ನು ತಡೆದು ಮೂರು ಪೆಟ್ಟುಗಳನ್ನೂ ಹಿಂತಿರುಗಿಸಬಲ್ಲುದು.

ಇಲ್ಲಿಗೆ ಲೆಕ್ಕ ಮುಗಿಯಿತೆಂದೇ ನಾನು ಭಾವಿಸಿದ್ದೆನು. ಒಂದು ಸಂಜೆಯ ಆಟ ಆ ಭಾವನೆಯನ್ನು ಕೆಡಿಸಿತು. ನಾನು ರೋಲೆಂಡ್, ನನ್ನಣ್ಣನ ಮಗಳು ಡೇಯ್ಸಿ ವಾಕರ್. ಡೇಯ್ಸಿ ಪುಸ್ತಕಭಂಡಾರದವಳು; ಬುದ್ಧಿಬಲ 5, ದೇಹಬಲವೂ 5. ಅಟ್ಟದಲ್ಲಿ ಮಾಂಸಭಕ್ಷಕನು ಆಕೆಯನ್ನು ಹಿಡಿದಿದ್ದನು. ಆಕೆಗೆ ಆಗಲೇ ಮೂರು ಗಾಯ. ನನ್ನ ಕೈಯಲ್ಲಿ ಪಿಸ್ತೂಲಿತ್ತು, ಉಳಿದುದು ಒಂದೇ ಕೆಲಸ. ಗಸ್ತಿನ ಪೋಲೀಸಿನವನು ಎರಡು ಸುತ್ತುಗಳಿಂದ ನನ್ನ ಕೈಯಲ್ಲೇ ಇದ್ದನು, ದ್ರವ್ಯವೂ ಇದ್ದಿತು. ಮುಕ್ಕಾಲು ಕೆಲಸದ ಲಾಭಕ್ಕೆ ಆರು ಕೆಲಸ ತೆರುವವನು ಮೂಢನೆಂದು ಅವನನ್ನು ಹೂಡಿರಲಿಲ್ಲ. ಗುಂಡು ಹಾರಿಸಿದೆನು. ಚೀಲದಿಂದ ಬಂದುದು ಎರಡು ಕಳೆಯುವ ಬಿಲ್ಲೆ. ಗೆಳೆಯನನ್ನು ಹಿಡಿದಿರುವ ಶತ್ರುವಿಗಿಟ್ಟ ಗುರಿ ತಪ್ಪಿದರೆ ಆ ಪೆಟ್ಟು ಗೆಳೆಯನಿಗೇ ಬೀಳಬೇಕೆಂಬುದು ನಿಯಮ. ಪಿಸ್ತೂಲಿನ ಪೆಟ್ಟು ಎರಡು. ಡೇಯ್ಸಿ ಬಿದ್ದಳು. ಪೋಲೀಸಿನವನು ಮೇಜಿನ ಮೇಲಿದ್ದಿದ್ದರೆ ಅದೇ ಬಿಲ್ಲೆಗೆ ಗುರಿ ಮುಟ್ಟುತ್ತಿತ್ತು. ಹುಡುಗಿ ತನ್ನ ಎಲೆಗಳನ್ನು ಕೂಡಿಸಿಡುತ್ತ, “ಚಿಕ್ಕಪ್ಪ, ನಿಮ್ಮ ಲೆಕ್ಕವೇನೋ ಸರಿಯಾಗಿತ್ತು, ಅದರಲ್ಲಿ ನಾನಿರಲಿಲ್ಲ, ಅಷ್ಟೆ” ಎಂದಳು.

ಆ ಮಾತು ನನ್ನ ವಿಮರ್ಶೆಯ ಬುಡವನ್ನೇ ಅಲುಗಿಸಿತು. ನಾನು ಎಣಿಸಿದ್ದುದು ನನ್ನ ಕೆಲಸಗಳನ್ನು. ಆಡುತ್ತಿದ್ದುದು ಇಬ್ಬರ ಆಟವನ್ನು. ಅದೇ ಅಂಕಿಗಳನ್ನು ಆಕೆಯ ಕಡೆಯಿಂದ ಎಣಿಸಿ ನೋಡಿದೆನು. ಪಿಸ್ತೂಲು ಮಾತ್ರವಿದ್ದಾಗ 16ರಲ್ಲಿ 6 ಬಿಲ್ಲೆಗಳು ನನ್ನ ಗುಂಡನ್ನು ಆಕೆಯ ಮೈಗೆ ತಿರುಗಿಸುತ್ತವೆ. ಪೋಲೀಸಿನವನಿದ್ದರೆ ಮೂರೇ. ನನ್ನ ಪಾಲಿಗೆ ಮುಕ್ಕಾಲು ಕೆಲಸವಾಗಿದ್ದುದು ಆಕೆಯ ಪಾಲಿಗೆ ಅರ್ಧದಷ್ಟು ಅಪಾಯ. ಎಲೆ ಅದೇ, ಚೀಲ ಅದೇ. ಬದಲಾದುದು ಎಣಿಸುವವನು ಕುಳಿತ ಸ್ಥಳ. ಸಹಕಾರದ ಆಟದಲ್ಲಿ ಆಸರೆಯ ಎಲೆಗೆ ಬೆಲೆ ಕಟ್ಟಬೇಕಾದವನು ಅದನ್ನು ಹೂಡುವವನಲ್ಲ, ಅವನ ಪಕ್ಕದಲ್ಲಿರುವವನು.

ಈ ಅಳತೆಯಿಂದ ಆಯುಧಗಳನ್ನೂ ಮತ್ತೆ ನೋಡಬೇಕಾಯಿತು. ಅನುಭವ ಗಳಿಸಿದ ಮೇಲೆ ದೊರೆಯುವ ಶಾಟ್‌ಗನ್ ಎಂಬ ಬಂದೂಕು ಬಲವನ್ನು ಮೂರರಷ್ಟು ಏರಿಸುತ್ತದೆ. ಎಷ್ಟರಿಂದ ಗೆದ್ದೆವೋ ಅಷ್ಟು ಪೆಟ್ಟು, ಐದರವರೆಗೆ. ಆದರೆ ಗೆಳೆಯನ ಮೇಲಿನ ಶತ್ರುವಿಗಿಟ್ಟ ಗುರಿ ತಪ್ಪಿದರೆ ಎಷ್ಟರಿಂದ ಸೋತೆವೋ ಅಷ್ಟು ಗಾಯ ಗೆಳೆಯನಿಗೆ. ಮಾಂಸಭಕ್ಷಕನೆದುರು ಆ ಹದಿನಾರನೆಯ ಬಿಲ್ಲೆ ಬಂದಿತೆಂದರೆ ನಾಲ್ಕು ಗಾಯ; ಡೇಯ್ಸಿಯ ಐದರಲ್ಲಿ ಉಳಿದುದು ಒಂದು. ಒಬ್ಬನೇ ಆಡುವವನಿಗೆ ರತ್ನವಾದುದು ಜೊತೆಯಲ್ಲಿ ಆಡುವವನಿಗೆ ಕೆಂಡವಾಗಬಹುದು.

ಮಚ್ಚಿನ ಎಲೆಯಲ್ಲೊಂದು ಷರತ್ತುಂಟು: ನಮ್ಮನ್ನು ಹಿಡಿದಿರುವ ಶತ್ರು ಅದೊಂದೇ ಆಗಿದ್ದರೆ ಮಾತ್ರ ಹೆಚ್ಚಿನ ಪೆಟ್ಟು. ಗೆಳೆಯನ ಶತ್ರುವನ್ನು ಮಚ್ಚಿನಿಂದ ಚೆನ್ನಾಗಿ ಹೊಡೆಯಬೇಕಾದರೆ ಒಂದು ಕೆಲಸ ತೆತ್ತು ಆ ಶತ್ರುವನ್ನು ಮೊದಲು ನಮ್ಮ ಮೇಲೆ ಎಳೆದುಕೊಳ್ಳಬೇಕು. ಹಾಗೆ ಎಳೆದುಕೊಂಡ ಮೇಲೆ ಗುರಿ ತಪ್ಪಿದರೂ ಗೆಳೆಯನಿಗೆ ಗಾಯವಿಲ್ಲ. ಎಂಥ ಉಚಿತವಾದ ನಿಬಂಧನೆ! ಪಿಸ್ತೂಲು ದೂರ ನಿಂತು ಪರರನ್ನು ಅಪಾಯಕ್ಕೊಡ್ಡಿ ಕಾಪಾಡುತ್ತದೆ. ಮಚ್ಚು ತಾನು ಅಪಾಯಕ್ಕೆ ಒಡ್ಡಿಕೊಂಡು ಕಾಪಾಡುತ್ತದೆ.

ಆದರೂ ಮಚ್ಚಿನ ಮೇಲೆ ನನಗೊಂದು ಆಕ್ಷೇಪಣೆಯುಂಟು. ಅದು ರಸದ ಕಡೆಯಿಂದ. ಲವ್‌ಕ್ರಾಫ್ಟನ ಕಥೆಗಳಲ್ಲಿ ಆಯುಧ ಸಮಾಧಾನ ಕೊಡುವುದು ಅಪರೂಪ. ಅಲ್ಲಿಯ ಭಯಕ್ಕೆ ಮೂಲವೇ ಮನುಷ್ಯನ ಸಾಮಗ್ರಿಯ ಅಲ್ಪತೆ. ನಾಲ್ಕು ಗುಂಡುಗಳ ಪಿಸ್ತೂಲು ಈ ಅಲ್ಪತೆಯನ್ನು ನೆನಪಿನಲ್ಲಿಡುತ್ತದೆ. ಮೂರು ಮುಗಿದು ಒಂದು ಉಳಿದಾಗ ಮೇಜಿನ ಸುತ್ತ ಮಾತು ನಿಲ್ಲುವುದು. ಸ್ಥಾಯಿಭಾವ ಜಾಗೃತವಾಗಿರುವ ಲಕ್ಷಣವದು. ಎಂದೂ ಮುಗಿಯದ ಮಚ್ಚು ಕೈಸೇರಿತೆಂದರೆ ಭಯ ಮೆಲ್ಲಗೆ ಎದ್ದುಹೋಗುತ್ತದೆ. ಪಿಶಾಚಿ ಸೌದೆಯಾಗುತ್ತದೆ, ಪತ್ತೇದಾರ ಸೌದೆ ಸೀಳುವವನಾಗುತ್ತಾನೆ. ಲೆಕ್ಕದಲ್ಲಿ ಮೇಲಾದ ಎಲೆ ರಸದಲ್ಲಿ ಕೀಳಾಗಿರುವುದು ಈ ಮೊದಲ ಪೆಟ್ಟಿಗೆಯ ಒಂದು ದೋಷವೆಂದೇ ನನ್ನ ಅಭಿಪ್ರಾಯ.

ಪೋಲೀಸಿನವನ ವಿಷಯದಲ್ಲಿ ಕೊನೆಯದಾಗಿ ಒಂದು ಮಾತು. ಅವನ ಅತ್ಯುತ್ತಮ ಗುಣ ಪ್ರಕಟವಾಗುವುದು ಅವನನ್ನು ಬಿಟ್ಟುಕೊಟ್ಟಾಗ. ಎಲೆಯ ಮೇಲೆ ಅವನ ಮುಖದ ಚಿತ್ರವಿದೆ, ಹೆಸರಿಲ್ಲ. ಬಹುಮಂದಿ ಇದನ್ನು ಗಮನಿಸುವುದಿಲ್ಲ; ಗಮನಿಸಿದವರಿಗೆ ಆಟದ ಅತ್ಯಂತ ಭಯಾನಕವಾದ ಗಳಿಗೆ ಅದೇ. ರಾಕ್ಷಸನು ಬಂದಾಗ ಹುಟ್ಟುವುದು ಹೆದರಿಕೆ. ಹೆಸರಿಲ್ಲದ ಒಬ್ಬನನ್ನು ಒಂದು ಪೆಟ್ಟಿನ ಬೆಲೆಗೆ ಕೊಟ್ಟು ಬದುಕಿಕೊಂಡೆವೆಂದು ತಿಳಿದಾಗ ಹುಟ್ಟುವುದು ಅದಕ್ಕಿಂತ ಆಳವಾದುದು. ರಚಕರು ಇದನ್ನು ಉದ್ದೇಶಿಸಿದ್ದರೋ ಇಲ್ಲವೋ, ಎಲೆ ಅದನ್ನು ಹೇಳುತ್ತದೆ.

ಈಗ ನಾನು ಕಟ್ಟುವ ಕಟ್ಟಿನಲ್ಲಿ ಎರಡು ಮಚ್ಚು, ಎರಡು ಪಿಸ್ತೂಲು. ಒಂದೊಂದು ಕೈಗೆ ಒಂದೊಂದು ಹಿಡಿಯಬಹುದಷ್ಟೆ. ಪೋಲೀಸಿನವರೂ ಇಬ್ಬರಿದ್ದಾರೆ. ಕೈಗೆ ಬಂದರೆ, ದ್ರವ್ಯವಿದ್ದರೆ, ಡೇಯ್ಸಿ ಅಟ್ಟ ಹತ್ತುವ ಮೊದಲೇ ಅವನನ್ನು ಹೂಡಿಬಿಡುತ್ತೇನೆ. ಆರು ಕೆಲಸಗಳ ನಷ್ಟವೆಂದು ಯಾರಾದರೂ ಹೇಳಿದರೆ ಹೌದೆನ್ನುತ್ತೇನೆ.