ಮೂರು ಸಲ ಹೇಳಿ ಸಮಕ್ಕೆ ಬಾ

ಈ ವಾರ ಘಟದ ತನಿ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅದು ಕಾಯಲಿ. ಕಗ್ಗದಾಸಪುರದ ಓದುಗರೊಬ್ಬರ ಪತ್ರ ಬಂದಿದೆ. ಐದನೇ ಕ್ಲಾಸಿನ ಮಗಳಿಗೆ ಭಿನ್ನರಾಶಿ ಎಂದರೆ ಹೊಟ್ಟೆನೋವಂತೆ. ಸಂಗೀತ ಕೇಳಿಸಿದರೆ ಲೆಕ್ಕ ತಾನಾಗಿ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಯಾವ ಸಂಗೀತ ಕೇಳಿಸಲಿ ಎಂದು ಕೇಳಿದ್ದಾರೆ.

ಸ್ವಾಮಿ, ಕೇಳಿಸಬೇಡಿ. ಈ ಕೇಳಿಸುವ ಪಂಥದವರ ಮೇಲೆ ನನಗೆ ಹಳೆಯ ಸಿಟ್ಟಿದೆ, ಅದನ್ನು ಮೊದಲು ತೀರಿಸಿಕೊಳ್ಳುತ್ತೇನೆ. 1993ರಲ್ಲಿ ಅಮೆರಿಕದಲ್ಲಿ 36 ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಜಾರ್ಟ್ ಕೇಳಿಸಿ, ಮಡಿಚಿ ಕತ್ತರಿಸಿದ ಕಾಗದ ಬಿಚ್ಚಿದಾಗ ಹೇಗೆ ಕಾಣುತ್ತದೆ ಎಂಬಂಥ ಪರೀಕ್ಷೆ ಕೊಟ್ಟರು. ಅಂಕ ತುಸು ಏರಿತು, ಕಾಲು ಗಂಟೆಯೊಳಗೆ ಇಳಿಯಿತು. ಅದರಲ್ಲಿ ಮಕ್ಕಳೂ ಇರಲಿಲ್ಲ, ಶಾಲೆಯ ಲೆಕ್ಕವೂ ಇರಲಿಲ್ಲ. ಆದರೂ 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರು, ಹುಟ್ಟಿದ ಪ್ರತಿ ಕೂಸಿಗೂ ಒಂದು ಸಿ.ಡಿ. ಕೊಡಲು 1,05,000 ಡಾಲರ್ ಕೇಳಿದರು. ಆಮೇಲೆ ಬೇರೆಯವರು ಅದೇ ಪ್ರಯೋಗ ಮಾಡಿ ನೋಡಿದಾಗ ಫಲ ಕರಗುತ್ತಾ ಹೋಯಿತು. ಸಿ.ಡಿ. ಮಾರುವವರು ಮಾತ್ರ ಕರಗಲಿಲ್ಲ.

ಇವರ ದಾಯಾದಿಗಳು ಮಗ್ಗಿಯನ್ನು ಸಿನಿಮಾ ಮಟ್ಟಿಗೆ ಕೂರಿಸುವವರು. ಮಗು ಕುಣಿಯುತ್ತಾ ಏಳರ ಮಗ್ಗಿ ಹಾಡುತ್ತದೆ, ಸಂತೋಷ. ನಡುವೆ ನಿಲ್ಲಿಸಿ 'ಏಳೆಂಟ್ಲ ಎಷ್ಟು' ಅಂದರೆ ಪಲ್ಲವಿಯಿಂದ ಶುರು ಮಾಡಬೇಕು. ಹಳೆಯ ಕೂಲಿಮಠದ ಮಗ್ಗಿಗೂ ಈ ರೋಗ ಇತ್ತು, ಒಪ್ಪುತ್ತೇನೆ. ಆದರೆ ಅಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿಯೂ ಇತ್ತು. ಭಿನ್ನರಾಶಿ ಐದನೇ ಕ್ಲಾಸಿಗೆ ಬಂದು ಹೆದರಿಸುವ ಮೊದಲೇ ಬಾಯಿಗೆ ಬಂದಿರುತ್ತಿತ್ತು.

ಲೆಕ್ಕಕ್ಕೆ ಆಗಿಬರುವ ಸಂಗೀತ ಕೈಯಲ್ಲಿದೆ, ಕಿವಿಯಲ್ಲಲ್ಲ. ಮೂರನೇ ಒಂದು ದೊಡ್ಡದೋ ನಾಲ್ಕನೇ ಒಂದೋ ಎಂದು ಮಕ್ಕಳನ್ನು ಕೇಳಿದರೆ ಅರ್ಧಕ್ಕರ್ಧ ನಾಲ್ಕಕ್ಕೆ ಕೈ ಎತ್ತುತ್ತಾರೆ, ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ! ಅದೇ ಮಗು ಒಂದು ಏಟಿನೊಳಗೆ ತಕಿಟ ಹೇಳಿ, ಏಟಿನ ವೇಗ ಬದಲಿಸದೆ ತಕಧಿಮಿಗೆ ಹಾರಲಿ. ನಾಲಿಗೆ ಓಡಬೇಕಾಗುತ್ತದೆ, ಒಂದೊಂದು ಸೊಲ್ಲಿಗೆ ಸಿಗುವ ಜಾಗ ಕಿರಿದಾಗುತ್ತದೆ. ಆ ಇಕ್ಕಟ್ಟು ಅನುಭವಕ್ಕೆ ಬಂದ ಮಗು ಇನ್ನು ಆ ಪ್ರಶ್ನೆಗೆ ತಪ್ಪು ಹೇಳುವುದಿಲ್ಲ. ತಿಶ್ರವನ್ನೂ ಚತುರಶ್ರವನ್ನೂ ಒಂದೇ ಗೆರೆಗೆ ತರಲು ಏಟನ್ನು ಹನ್ನೆರಡಾಗಿ ಸೀಳಬೇಕೆಂದು ಗೊತ್ತಾದ ದಿನ ಲ.ಸಾ.ಅ. ಪಾಠ ಮುಗಿದ ಹಾಗೆಯೇ. ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪೂರ್ಣ, ಅರ್ಧ, ಕಾಲು ಸ್ವರಗಳನ್ನು ಚಪ್ಪಾಳೆ ತಟ್ಟಿ ಕಲಿತ ಮೂರನೇ ತರಗತಿಯ ಮಕ್ಕಳು ಭಿನ್ನರಾಶಿಯಲ್ಲಿ ಉಳಿದವರಿಗಿಂತ ಮುಂದಿದ್ದರು. ನಮ್ಮ ತಾಳದ ಮೇಷ್ಟ್ರು ಇದನ್ನು ಪ್ರಕಟಿಸದೆ ಮಾಡಿಕೊಂಡು ಬಂದಿದ್ದಾರೆ.

ಇನ್ನು ಮುಕ್ತಾಯಕ್ಕೆ ಬನ್ನಿ. ಆದಿತಾಳ, ನಾಲ್ಕು ನಡೆ, 32 ಮಾತ್ರೆ. ಸಮದಲ್ಲಿ, ಅಂದರೆ ತಾಳದ ಮೊದಲ ಏಟಿನಲ್ಲಿ, ಎತ್ತಿ ಒಂದು ಜತಿಯನ್ನು ಮೂರು ಸಲ ಹೇಳಬೇಕು, ನಡುವಿನ ಎರಡು ಬಿಡುವು ಸಮನಾಗಿರಬೇಕು, ಮುಗಿದ ಮರುಮಾತ್ರೆಯೇ ಸಮವಾಗಬೇಕು. ಮಗು ಆಸೆಯಿಂದ ತದಿಗಿಣತೊಂ ಹಿಡಿಯುತ್ತದೆ. ಮೂರೈದ್ಲ ಹದಿನೈದು, ಉಳಿದದ್ದು ಹದಿನೇಳು, ಎರಡಕ್ಕೆ ಹಂಚಿದರೆ ಎಂಟೂವರೆ. ಕೈ ತಡವರಿಸುತ್ತದೆ. ಏಳರ ಜತಿಗೂ ಅದೇ ಗತಿ, ಐದೂವರೆ. ಆರಕ್ಕೆ ಏಳೇಳು ಬಿಡುವು ಸಿಗುತ್ತದೆ, ಎಂಟಕ್ಕೆ ನಾಲ್ಕು ನಾಲ್ಕು, ಹತ್ತಕ್ಕೆ ಒಂದೊಂದು. ಸರಿ ಜತಿ ಕೂರುತ್ತದೆ, ಬೆಸ ಜತಿ ಕೂರುವುದಿಲ್ಲ ಎಂಬುದನ್ನು ಯಾರೂ ಬೋರ್ಡಿನ ಮೇಲೆ ಬರೆಯಬೇಕಾಗಿಲ್ಲ. ಐದೇ ಬೇಕೆಂದು ಹಟ ಹಿಡಿದ ಮಗುವಿಗೆ ಮೇಷ್ಟ್ರು ಎಡುಪು ಬದಲಿಸಿಕೊಡುತ್ತಾರೆ: ಸಮ ದಾಟಿ ಒಂದು ಮಾತ್ರೆ ಬಿಟ್ಟು ಎತ್ತು. ಈಗ ಇರುವುದು 31, ಹದಿನೈದು ಕಳೆದರೆ ಹದಿನಾರು, ಬಿಡುವು ಎಂಟೆಂಟು. (ಅರೆ ಮಾತ್ರೆಯನ್ನೂ ನುಂಗಿ ಸಮಕ್ಕೆ ಬರುವ ವಿದ್ವಾಂಸರಿದ್ದಾರೆ. ನಾನು ಹೇಳುತ್ತಿರುವುದು ಮಕ್ಕಳ ಮಾತು.)

ಮೃದಂಗದವರು ಕಣಕ್ಕು, ಅಂದರೆ ಲೆಕ್ಕ, ಹಾಕಿ ಹಾಕಿ ಕೀರ್ತನೆಯನ್ನು ಹೂತುಬಿಡುತ್ತಾರೆ ಎಂದು ಇದೇ ಜಾಗದಲ್ಲಿ ನಾನು ಗೊಣಗಿದ್ದುಂಟು, ಈಗಲೂ ಗೊಣಗುತ್ತೇನೆ. ಅದು ಕಛೇರಿಯ ಮಾತು, ಇದು ಪಾಠದ ಮಾತು.

ಎರಡು ಅಜ್ಞಾತ, ಎರಡೂ ಪೂರ್ಣಾಂಕವಾಗಿಯೇ ಸಿಗಬೇಕು ಎಂಬ ಈ ಜಾತಿಯ ಲೆಕ್ಕಕ್ಕೆ ನಮ್ಮ ನೆಲದಲ್ಲಿ ದೊಡ್ಡ ಮನೆತನವಿದೆ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಒಂದು ಕಾಡಿನಂಚನ್ನು ಬಿಡಿಸುತ್ತಾನೆ. ಹಣ್ಣು ಹೂವಿನ ಭಾರಕ್ಕೆ ಬಾಗಿದ ಕೊಂಬೆ, ನೇರಳೆ, ಹಲಸು, ಮಾವು, ಅಡಿಕೆ, ಗಿಳಿ ಕೋಗಿಲೆಗಳ ಗದ್ದಲ, ತಾವರೆಗೊಳದ ಮೇಲೆ ದುಂಬಿ. ದಣಿದ ದಾರಿಹೋಕರು ಖುಷಿಯಾಗಿ ಒಳಗೆ ಬರುತ್ತಾರೆ. ಅಲ್ಲಿ ಸಮನಾದ 63 ಬಾಳೆಹಣ್ಣಿನ ಗುಡ್ಡೆ, ಮೇಲೆ ಬಿಡಿಯಾಗಿ 7 ಹಣ್ಣು. 23 ಜನ ಉಳಿಕೆಯಿಲ್ಲದೆ ಸಮನಾಗಿ ಹಂಚಿಕೊಂಡರು, ಗುಡ್ಡೆಯಲ್ಲಿ ಎಷ್ಟಿತ್ತು? ಕಡಿಮೆಯೆಂದರೆ ಐದು, ತಲೆಗೆ ಹದಿನಾಲ್ಕು. ಲೆಕ್ಕಕ್ಕೆ ಬೇಕಾದದ್ದು ಮೂರು ಅಂಕಿ, ಅವನು ಕೊಟ್ಟದ್ದು ಇಡೀ ತೋಟ. ಈಗಿನ ಪಠ್ಯಪುಸ್ತಕದ ಸಮಿತಿಯ ಮುಂದೆ ಇಟ್ಟರೆ ಗಿಳಿಯನ್ನೇ ಮೊದಲು ಹಾರಿಸುತ್ತಾರೆ.

ಪತ್ರದ ವಿಳಾಸ ನೋಡುತ್ತಿದ್ದಂತೆ ಇನ್ನೊಂದು ನೆನಪಾಯಿತು, ಭಿನ್ನರಾಶಿಯದ್ದೇ. ಕಗ್ಗದಾಸಪುರದ ಪಕ್ಕದಲ್ಲೇ ಸಿ.ವಿ. ರಾಮನ್ ನಗರ. ಡಿ.ಆರ್.ಡಿ.ಓ. ಗೋಡೆಯ ಉದ್ದಕ್ಕೂ ದಿನಾ ಓಡಾಡುವವರಿಗೆ ಆ ಹೆಸರಿನವರು ಬೆಳಕಿನ ವಿಜ್ಞಾನಿ. ನನಗೆ ಅವರು ಮೃದಂಗದ ವಿಜ್ಞಾನಿ. ಕಲ್ಕತ್ತೆಯಲ್ಲಿದ್ದಾಗಲೇ, 1920ರಲ್ಲಿ, ಶಿವಕಾಳಿ ಕುಮಾರ್ ಜೊತೆ 'ನೇಚರ್' ಪತ್ರಿಕೆಗೆ ಮೃದಂಗದ ನಾದದ ಬಗ್ಗೆ ಬರೆದಿದ್ದರು. 1933ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು, ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಿಸ್ತರಿಸಿದರು. ಬರಿ ಚರ್ಮದ ವಾದ್ಯ ಹೊಡೆದರೆ ಮೂಲಸ್ವರದ ಜೊತೆ ಏಳುವ ಸ್ವರಗಳು 1.59, 2.14, 2.30 ಪಟ್ಟು, ಕಿವಿಗೆ ಕಲಸುಮೇಲೋಗರ. ಮೃದಂಗದ ಬಲಮುಚ್ಚಿಗೆಗೆ ಕರಣೆಯ ಲೇಪ ಕೂರಿಸಿ ಒರೆಸಿ ಒರೆಸಿ ಹದಕ್ಕೆ ತಂದರೆ ಅದೇ ಚರ್ಮ 1, 2, 3, 4, 5 ಎಂದು ನುಡಿಯುತ್ತದೆ. ರಾಮನ್ ಮುಚ್ಚಿಗೆಯ ಮೇಲೆ ಮರಳು ಉದುರಿಸಿ, ಎಲ್ಲಿ ಬೆರಳಿಟ್ಟರೆ ಎಲ್ಲಿ ಚರ್ಮ ಅಲುಗದೆ ಮರಳಿನ ಗೆರೆ ನಿಲ್ಲುತ್ತದೆ ಎಂದು ನೋಡಿದರು. ಒಂಬತ್ತು ಬಗೆಯ ಕಂಪನಗಳು ಒಟ್ಟುಗೂಡಿ ಐದೇ ಸ್ವರವಾಗುತ್ತವೆ: ಮೊದಲ ಎರಡಕ್ಕೆ ಒಂದೊಂದು, ಮುಂದಿನ ಎರಡಕ್ಕೆ ಎರಡೆರಡು, ಐದನೆಯದಕ್ಕೆ ಮೂರು. ಕರಣೆ ಹಾಕಿದ ಕುಶಲಕರ್ಮಿ ಇದಕ್ಕೆ ಸಮೀಕರಣ ಬರೆದವನಲ್ಲ. ದಶಮಾಂಶದ ಗೊಂದಲವನ್ನು ಪೂರ್ಣಾಂಕಕ್ಕೆ ಎಳೆದು ತಂದದ್ದು ಅವನ ಕಿವಿ ಮತ್ತು ಒರೆಸುವ ಕಲ್ಲು. ಆ ನಗರದ ಶಾಲೆಗಳಲ್ಲಿ ವಿಜ್ಞಾನ ದಿನಕ್ಕೆ ಪ್ರತಿ ವರ್ಷ ಫೆಬ್ರವರಿ 28ರಂದು ಪಟ್ಟಕವನ್ನೇ ತೋರಿಸುತ್ತಾರೆ. ಒಂದು ವರ್ಷ ಮೃದಂಗವೊಂದನ್ನು ಮೇಜಿನ ಮೇಲೆ ನಿಲ್ಲಿಸಿ ಹಿಡಿ ಮರಳು ಉದುರಿಸಲಿ.

ಪತ್ರಕ್ಕೆ ಉತ್ತರ: ಮಗಳನ್ನು ಲಯದ ಪಾಠಕ್ಕೆ ಸೇರಿಸಿ. ಮೃದಂಗ ಕೊಳ್ಳಲೇಬೇಕೆಂದಿಲ್ಲ, ಸೊಲ್ಲು ಹೇಳುವ ಕೊನ್ನಕೋಲಿಗೆ ಬಾಯಿ, ಎರಡು ಕೈ ಸಾಕು. 1964ರಲ್ಲಿ ಟಿ.ಎ.ಎಸ್. ಮಣಿಯವರು ಬೆಂಗಳೂರಿನಲ್ಲಿ ಶುರು ಮಾಡಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಆರ್.ಎ. ರಮಾಮಣಿಯವರ ಹಾಡಿನೊಂದಿಗೆ, ಚಾರ್ಲಿ ಮರಿಯಾನೋನಂಥ ಜಾಜ್ ಸ್ಯಾಕ್ಸೊಫೋನಿನವನನ್ನೇ ನಮ್ಮ ತಾಳದೊಳಕ್ಕೆ ತಂದಿತು. ಐದನೇ ಕ್ಲಾಸಿನ ಹುಡುಗಿಗೆ ಅದೇನು ಕಷ್ಟ? ಮೇಷ್ಟ್ರನ್ನು ಆರಿಸುವಾಗ ಒಂದೇ ಪರೀಕ್ಷೆ: ಮಗು ತಾಳ ತಪ್ಪಿದಾಗ ಅವರು ತಾವೇ ಉತ್ತರ ಹೇಳಿಬಿಡುತ್ತಾರೋ, ಮತ್ತೆ ಎತ್ತು ಅನ್ನುತ್ತಾರೋ ನೋಡಿ. ಎರಡನೆಯವರಿಗೆ ಫೀಸು ಕಟ್ಟಿ.

ಉಳಿದ ಓದುಗರಿಗೆ ಮನೆಗೆಲಸ. ಮಿಶ್ರಛಾಪು, 28 ಮಾತ್ರೆ, ಇದೇ ಮೂರು ಸಲ, ಇದೇ ಎರಡು ಬಿಡುವು. ಯಾವ ಯಾವ ಜತಿ ಕೂರುತ್ತದೆ, ಬಿಡುವೇ ಇಲ್ಲದ ಮುಕ್ತಾಯ ಇಲ್ಲಿ ಯಾಕೆ ಸಾಧ್ಯವಿಲ್ಲ ಬರೆದು ಕಳಿಸಿ. ಕಾಗದದ ಮೇಲೆ ಮಾಡಿದವರನ್ನು ನಾನು ಉತ್ತರದಿಂದಲೇ ಕಂಡುಹಿಡಿಯುತ್ತೇನೆ: ಅವರು ಬಿಡುವು ಹನ್ನೊಂದಾದ ಜತಿಯನ್ನು ಮರೆಯದೆ ಬರೆದಿರುತ್ತಾರೆ, ತಾಳ ಹಾಕಿದವರು ಎರಡು ಮಾತ್ರೆಗೆ ಅಷ್ಟು ಹೊತ್ತು ಸುಮ್ಮನಿರಲಾರದೆ ಬಿಟ್ಟಿರುತ್ತಾರ‌ೆ.